‘ಎಲ್ಲಾ ಮಂಗಲಾ ಇದೆ ಅಮ್ಮಾ’

ನಮ್ಮ ಕನ್ನಡ ಬಳಗದ ಕಾರ್ಯದರ್ಶಿಗಳು ಹೋದ ವಾರ ಫೋನ್ ಮಾಡಿ, “ಮೇಡಂ, ತೀರಿಕೊಂಡ ನಿಮ್ಮ ಕೆಳಮನೆಯೋರ ಬಗ್ಗೆ ಎರಡು ಪುಟ ಬರೆದು ಕೊಡ್ರಿ, ಸಂಚಿಕೆಗೆ ಹಾಕೋಣ. ಒಳ್ಳೇದಷ್ಟೇ ಬರೀರಿ. ಹೋದೋರ ವಿಚಾರದಾಗೆ ಆ ವಿಷಯ ಎಲ್ಲಾ ಯಾಕೆ” ಎಂದರು. ‘ಆ ವಿಷಯ’ ಎನ್ನುವಾಗ ಅವರ ದನಿ ಒಂದು ಮೆಟ್ಟಿಲು ಕೆಳಗಿಳಿಯಿತು.

ಆ ವಿಷಯವನ್ನು ಬಳಗಕ್ಕೆ ತಂದು ಹಾಕಿದವಳು ನಾನೇ. ವೆಸ್ಟ್ ಮಾಂಬಲಂನ ಒಂದು ಮಹಡಿಯ ಮೇಲೆ, ಎರಡು ಬೀರು ಪುಸ್ತಕ, ಹನ್ನೆರಡು ಕುರ್ಚಿ, ಒಂದು ಹಳೆಯ ಲ್ಯಾಪ್‌ಟಾಪು ಇರುವ ಬಳಗ ನಮ್ಮದು. ಎರಡು ವರ್ಷದ ಹಿಂದೆ ಅಲ್ಲಿ ಒಂದು ಸಂಜೆ ಕಾಫಿ ಕುಡಿಯುತ್ತಾ, “ಅವರನ್ನ ಲ್ಯಾಪ್‌ಟಾಪ್ ಹತ್ರ ಬಿಡಬೇಡಿ. ಕೆಡಿಸೋರೂ ಅವರೇ, ರಿಪೇರಿ ಮಾಡೋರೂ ಅವರೇ” ಎಂದುಬಿಟ್ಟೆ. ಅಷ್ಟೇ ಹೇಳಿದ್ದು. ಅಷ್ಟರಿಂದ ಒಬ್ಬ ಮನುಷ್ಯನ ಹೆಸರಿನ ಮೇಲೆ ಬಿದ್ದ ಕಲೆ, ಅವರು ಹೋಗುವ ತನಕ ಹೋಗಲಿಲ್ಲ. ಈ ಎರಡು ಪುಟ ಆ ಕಲೆ ತೆಗೆಯುವುದಕ್ಕೆ. ಹೆಸರು ಬರೆಯುತ್ತಿಲ್ಲ. ಬಳಗದವರಿಗೆ ಅದರ ಅಗತ್ಯವಿಲ್ಲ, ಹೊರಗಿನವರಿಗೆ ಬೇಡ ಎಂದು ಅವರ ಅಕ್ಕ ಕೇಳಿಕೊಂಡಿದ್ದಾರೆ.

ಅವರು ನಮ್ಮ ಕಟ್ಟಡದಲ್ಲೇ ಕೆಳಮನೆಯಲ್ಲಿ ಆ ಅಕ್ಕನ ಜೊತೆ ಇದ್ದರು. ಮದುವೆ ಮಾಡಿಕೊಂಡವರಲ್ಲ. ಅಜ್ಜನ ಕಾಲದಲ್ಲಿ ಕೊಳ್ಳೇಗಾಲದಿಂದ ರೇಷ್ಮೆ ವ್ಯಾಪಾರಕ್ಕೆ ಬಂದು ಮದರಾಸಿನಲ್ಲೇ ನಿಂತುಬಿಟ್ಟ ಶೈವ ಮನೆತನ. ಹಣೆಗೆ ವಿಭೂತಿ, ತೋಳು ಮಡಿಸಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ಪುಟ್ಟ ಟಾರ್ಚು. ಮಾತು ಅರ್ಧ ಕೊಳ್ಳೇಗಾಲ, ಅರ್ಧ ಮಾಂಬಲಂ. ಹಾರ್ಬರ್ ಕಡೆ ಒಂದು ಹಡಗು ಸಾಗಣೆಯ ಕಚೇರಿಯಲ್ಲಿ ಯೂನಿಕ್ಸ್ ಯಂತ್ರಗಳನ್ನು ನೋಡಿಕೊಂಡು ಆಯುಸ್ಸು ಕಳೆದವರು. ಈಗಿನ ಹಾಗೆ ಬಣ್ಣದ ಚಿತ್ರ ಒತ್ತುವ ಕಾಲವಲ್ಲ ಅದು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಬೇಕಾದ್ದನ್ನು ಬರೆದೇ ಕೇಳಬೇಕು. ನಿವೃತ್ತರಾದ ಮೇಲೆ ಆ ವಂಶದ್ದೇ ಆದ ಲಿನಕ್ಸನ್ನು ಕಟ್ಟಡದವರ ಹಳೆಯ ಲ್ಯಾಪ್‌ಟಾಪುಗಳಿಗೆಲ್ಲ ಹಾಕಿಕೊಟ್ಟು ಅವುಗಳ ಆಯುಸ್ಸು ಎಳೆಯುತ್ತಿದ್ದರು.

ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ. ಬ್ರಹ್ಮಚಾರಿಯಾಗಿ ತ್ರಿಪ್ಲಿಕೇನಿನ ಮೆಸ್ಸಿನಲ್ಲಿ ಉಣ್ಣುತ್ತಿದ್ದ ಕಾಲಕ್ಕೆ, ಎಲೆ ಹಾಕಿದ ಕೂಡಲೇ ತಿರುಗಿಸಿ ಹಿಂಬದಿ ನೋಡುತ್ತಿದ್ದರಂತೆ. ಬಡಿಸುವವನು, “ಸಾಪ್ಪಾಡು ಈ ಕಡೆ ಸಾರ್” ಎಂದು ರೇಗಿಸುತ್ತಿದ್ದನಂತೆ. ಕಚೇರಿಯ ಬಸ್ಸು ಕಾಸಿಮೇಡಿನ ಮೀನುಪೇಟೆಯ ಮೇಲೆ ಹೋಗುವಾಗ ಉಳಿದ ಸಸ್ಯಾಹಾರಿಗಳು ಮೂಗಿಗೆ ಕರವಸ್ತ್ರ ಹಿಡಿದರೆ, ಇವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮೀನಿನ ಹರಾಜು ನೋಡುತ್ತಿದ್ದರು. “ನಾನು ರಿಪೇರಿ ಕಲ್ತದ್ದು ಅಲ್ಲಿ ಅಮ್ಮಾ. ಕೊಳ್ಳೋ ಹೆಂಗಸು ಮಾರೋನ ಮಾತು ಕೇಳೋದೇ ಇಲ್ಲ. ಕಿವಿರು ಎತ್ತಿ ಒಳಗೆ ಕೆಂಪು ಇದೆಯಾ ಅಂತ ನೋಡ್ತಾಳೆ, ಅಷ್ಟೇ.”

ಮನುಷ್ಯರನ್ನೂ ಅವರು ಹಾಗೇ ನೋಡುತ್ತಿದ್ದರು. ಎದುರು ನಿಂತವರ ಮುಖವನ್ನು ನೇರ ನೋಡಿದವರಲ್ಲ. ತಲೆ ಒಂದು ಕಡೆ ವಾಲಿಸಿ ಕಣ್ಣಿನ ತುದಿಯಿಂದ ನೋಡುವರು. ಆ ನೋಟದ ಮುಂದೆ ಎಂಥವರಿಗೂ, ತಾನು ಏನೋ ಮುಚ್ಚಿಟ್ಟಿದ್ದೇನೆ ಎನ್ನಿಸಿಬಿಡುತ್ತಿತ್ತು. ನಮ್ಮ ಯಜಮಾನರು ಅದಕ್ಕೆ ‘ಸಿಐಡಿ ನೋಟ’ ಎಂದು ಹೆಸರಿಟ್ಟಿದ್ದರು.

ಇನ್ನು ನನ್ನ ವಿಚಾರ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ. ನಾನು ನಂಜನಗೂಡಿನವಳು. ನಮ್ಮವರ ಕೆಲಸದ ಜೊತೆ ಚೆನ್ನೈಗೆ ಬಂದವಳು. ಮನೆಯಲ್ಲೇ ಕೂತು ಮೈಸೂರಿನ ಪ್ರಕಾಶಕರೊಬ್ಬರ ಪುಸ್ತಕಗಳ ಕರಡು ತಿದ್ದುತ್ತೇನೆ. ಈ ಕಸುಬಿಗೆ ನನ್ನನ್ನು ತಯಾರು ಮಾಡಿದ್ದು ಕಾಲೇಜಲ್ಲ, ನಮ್ಮ ಅಜ್ಜಿ ಮತ್ತು ದೊಡ್ಡತ್ತೆ. ಊಟಕ್ಕೆ ಕೂತಾಗ ನಾವು ಮಕ್ಕಳು ‘ಬಾಲೆಹಣ್ಣು’ ಎಂದರೆ ಅಜ್ಜಿ ಕಿವುಡಿಯಾಗಿಬಿಡುತ್ತಿದ್ದಳು. ‘ಬಾಳೆ’ ಎಂದ ಮೇಲೇ ಹಣ್ಣು ಎಲೆಗೆ ಬೀಳುತ್ತಿದ್ದುದು. ಹಾಗಾಗಿ ಲಕಾರ ಳಕಾರ ಅದಲುಬದಲಾದರೆ ನನ್ನ ಕಿವಿಯಲ್ಲಿ ಅಕ್ಕಿಯೊಳಗಿನ ಕಲ್ಲು ಕಡಿದ ಹಾಗಾಗುತ್ತದೆ.

ಹೀಗಿರುವವಳಿಗೆ ಅರೆತಲೆನೋವು. ಬಿರುಬೆಳಕು ಕಣ್ಣಿಗೆ ಬಿದ್ದರೆ ಎಡಹುಬ್ಬಿನ ಮೇಲೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತೆ ಶುರುವಾಗಿ, ಮಧ್ಯಾಹ್ನದೊಳಗೆ ಮಲಗಿಸಿಬಿಡುತ್ತದೆ. “ಪರದೆಯ ಬೆಳಕು ತಗ್ಗಿಸಿ. ಆಗಲ್ಲ ಅಂದರೆ ಆ ಕೆಲಸ ಬಿಡಿ” ಎಂದು ಡಾಕ್ಟರು ಹೇಳಿದ್ದರು. ನನ್ನ ಲ್ಯಾಪ್‌ಟಾಪು ನೋಡಿದರೆ ಬೆಳಕು ತಗ್ಗಿಸುವ ಗುಂಡಿ ಒತ್ತಿದರೂ ತಗ್ಗಿಸಲೊಲ್ಲದು. ಆಗ ಕೆಳಮನೆಯ ಅವರನ್ನು ಕರೆದೆ.

ಬಂದವರು ಮೊದಲು ಊಟದ ಮೇಜನ್ನು ಅಂಗೈಯಿಂದ ಉದ್ದಕ್ಕೂ ಸವರಿದರು. ಧೂಳು ಪರೀಕ್ಷೆ ನಡೆಯುತ್ತಿದೆ ಎಂದುಕೊಂಡು ನನಗೆ ಮುಖ ಬಿಸಿಯಾಯಿತು. ಆಮೇಲೆ ಕೂತು, “ಗುಂಡಿ ಒತ್ತಿ ಅಮ್ಮಾ. ಏನಾಗ್ತದೆ ಹೇಳಿ” ಎಂದರು.

“ಸೂರ್ಯನ ಗುರುತು ಬಂತು ಸಾರ್. ಪಕ್ಕದಲ್ಲಿ ಪಟ್ಟಿ ಇಳೀತಾ ಇದೆ.”

“ಬೆಳಕು?”

“ಅದು ಇದ್ದಲ್ಲೇ ಇದೆ.”

“ಆಮಾ. ಪಟ್ಟಿ ಮಾತು ನಂಬಬೇಡಿ. ಅದು ಆಫೀಸ್ ಪ್ಯೂನ್ ಥರ. ‘ಹೇಳಿದೀನಿ ಸಾರ್’ ಅಂತದೆ. ಒಳಗೆ ಹೋಗಿ ಹೇಳಿದಾನಾ ಇಲ್ಲವಾ, ಯಾರು ಕಂಡಿದ್ದು?”

ಅವರು ಅಕ್ಷರ ಬರೆದು ಅಪ್ಪಣೆ ಕೊಡುವ ಕಪ್ಪು ಕಿಟಕಿಯೊಂದನ್ನು ತೆರೆದರು. ಬೆರಳುಗಳು ನೋಡದೆಯೇ ಓಡಿದವು, ಹೂ ಕಟ್ಟುವವರ ಬೆರಳಿನ ಹಾಗೆ. ಯಂತ್ರದ ಹೊಟ್ಟೆಯೊಳಗೆ ಬೆಳಕಿನ ಲೆಕ್ಕ ಇಡುವ ಒಂದು ಕಪಾಟಿದೆಯಂತೆ. ಅದರೊಳಗೆ ಎರಡು ಕಡತ. “ಒಂದ್ರಲ್ಲಿ ನೀವು ಎಷ್ಟು ಬೆಳಕು ಕೇಳಿದ್ರಿ ಅಂತ ಇರತ್ತೆ. ಇನ್ನೊಂದ್ರಲ್ಲಿ ನಿಜಕ್ಕೂ ಎಷ್ಟು ಇದೆ ಅಂತ. ಎರಡೂ ಒಂದೇ ಆದ್ರೆ ಸರಿ. ಬೇರೆ ಬೇರೆ ಆದ್ರೆ ಮಧ್ಯದಲ್ಲಿ ಯಾರೋ ಸುಳ್ಳು ಹೇಳ್ತಿದಾರೆ.”

ಪೂರ್ತಿ ಬೆಳಕು ಎಂದರೆ ನನ್ನ ಯಂತ್ರದಲ್ಲಿ ಇನ್ನೂರೈವತ್ತೈದು. ನನ್ನ ತಲೆಗೆ ಒಗ್ಗುವುದು ಅರವತ್ತು. ಅವರು ನನಗಾಗಿ ಒಂದು ಅಪ್ಪಣೆ ತಯಾರಿಸಿದರು. ಇಂಗ್ಲಿಷ್ ಅಕ್ಷರದಲ್ಲಿ ‘ತಗ್ಗು’ ಎಂದು ಬರೆದು ಎಂಟರ್ ಒತ್ತಿದರೆ ಸಾಕು, ಬೆಳಕು ಅರವತ್ತಕ್ಕೆ ಇಳಿಯುತ್ತಿತ್ತು. “ಇವನು ನಿಮ್ಮ ಆಳು. ಕನ್ನಡದಲ್ಲೇ ಹೇಳಿ, ಕೇಳ್ತಾನೆ” ಎಂದರು. ಏನು ಕೊಡಹೋದರೂ ಮುಟ್ಟಲಿಲ್ಲ, ಕಾಫಿ ಬಿಟ್ಟು. ಲೋಟ ಇಟ್ಟ ಕಡೆ ಕೈ ಮೆಲ್ಲಗೆ ಸರಿಸಿ ಹಿಡಿದುಕೊಂಡು, ಮೊದಲು ಮೂಸಿ, ಆಮೇಲೆ ಕುಡಿದರು. ಅದೂ ಅನುಮಾನವೇ ಎಂದುಕೊಂಡೆ.

“ಮೈ ಹುಷಾರಾಗಿದೀರಾ ಸಾರ್?” ಎಂದು ಉಪಚಾರಕ್ಕೆ ಕೇಳಿದೆ.

ನಮ್ಮ ಕಿಟಕಿಯ ಕಡೆ ಓರೆಯಾಗಿ ನೋಡಿ, “ಎಲ್ಲಾ ಮಂಗಲಾ ಇದೆ ಅಮ್ಮಾ” ಎಂದರು.

ಶಿವಭಕ್ತರು, ಎಲ್ಲವನ್ನೂ ಮಂಗಳವೆಂದೇ ಕಾಣುತ್ತಾರೆ ಎಂದು ನನಗೆ ಸಂತೋಷವಾಯಿತು. ಆದರೆ ಅಕ್ಕಿಯೊಳಗಿನ ಕಲ್ಲು. ಮಂಗಳಕ್ಕೆ ಲಕಾರ ಹಾಕುತ್ತಾರಲ್ಲ. ಎರಡು ಸಲ ತಡೆದುಕೊಂಡೆ. ಮೂರನೆಯ ಸಲ ಅದೇ ಮಾತು ಬಂದಾಗ, “ಮಂಗಲ ಅಲ್ಲ ಸಾರ್, ಮಂಗಳ. ಳ” ಎಂದು ತಿದ್ದಿಯೇಬಿಟ್ಟೆ. ಅವರು ತಲೆ ವಾಲಿಸಿ, ಕಣ್ಣಂಚಿನಲ್ಲಿ ನನ್ನನ್ನು ನೋಡಿ, ನಗುತ್ತಾ, “ನೀವು ಹೇಳಿದ್ದೇ ಸರಿ ಇರಲಿ ಅಮ್ಮಾ” ಎಂದರು.

ಕೊಳ್ಳೇಗಾಲ ಎನ್ನುವಾಗ, ಬೆಳಕು ಎನ್ನುವಾಗ, ಒಳಗೆ ಎನ್ನುವಾಗ ಅವರ ಳಕಾರ ನಮ್ಮ ಅಜ್ಜಿಯೇ ಮೆಚ್ಚುವಂತಿತ್ತು. ಆ ಒಂದು ಮಾತಿನಲ್ಲಿ ಮಾತ್ರ ಯಾಕೆ ಲಕಾರ ಎಂದು ಕೇಳಿಕೊಳ್ಳಬೇಕಾಗಿದ್ದವಳು ನಾನು. ತಪ್ಪು ಹುಡುಕುವುದೇ ಕೆಲಸವಾಗಿರುವವಳು. ತಿದ್ದಿ ಮುಂದೆ ಹೋದೆ.

ಹತ್ತು ದಿನ ತಗ್ಗು ಚೆನ್ನಾಗಿ ಕೆಲಸ ಮಾಡಿತು. ಹನ್ನೊಂದನೆಯ ಬೆಳಗ್ಗೆ ಲ್ಯಾಪ್‌ಟಾಪು ತೆರೆದರೆ ಮುಖದ ಮೇಲೆ ಬಿಸಿಲು ಹೊಡೆದಂತೆ ಪೂರ್ತಿ ಬೆಳಕು. ತಗ್ಗು ಎಂದು ಬರೆದರೆ, ಅಂಥ ಕಡತವೇ ಇಲ್ಲ ಎಂಬ ಉತ್ತರ. ಮತ್ತೆ ಕರೆದೆ. ಬಂದರು, ಮೇಜು ಸವರಿದರು, ಕಾಫಿ ಮೂಸಿದರು, ಒಂದೂವರೆ ಗಂಟೆ ಕೂತರು.

“ಒಳಗೆ ಚಿತ್ರ ತೋರ್ಸೋರು ಇಬ್ಬರಿದಾರೆ ಅಮ್ಮಾ. ಬೆಳಗ್ಗೆ ಯಾರು ಮೊದಲು ಏಳ್ತಾರೋ ಅವರಿಗೆ ಸೊನ್ನೆ ಅಂತ ಹೆಸರು. ಆಮೇಲೆ ಎದ್ದೋರಿಗೆ ಒಂದು. ನಿನ್ನೆ ತಂಕ ನಮ್ಮೋನು ಸೊನ್ನೆ ಆಗಿದ್ದ, ಇವತ್ತು ಒಂದಾಗಿದಾನೆ. ತಗ್ಗು ಇನ್ನೂ ಸೊನ್ನೆ ಮನೆ ಬಾಗಿಲು ತಟ್ಟುತಾ ಇದಾನೆ, ಪಾಪ.” ಸೊನ್ನೆಯನ್ನು ಅಳಿಸಿ ಒಂದು ಎಂದು ಬರೆದು ಹೋದರು.

ಸಂಜೆ ಇದನ್ನು ಹೇಳಿದರೆ ನಮ್ಮವರು ಪೇಪರು ಕೆಳಗಿಟ್ಟರು. “ಮಲಗಿ ಎದ್ದರೆ ಹೆಸರು ಬದಲಾಗೋದು ಎಲ್ಲಾದ್ರೂ ಇದ್ಯೇನೇ? ನಾನು ನಾಳೆ ಬೆಳಗ್ಗೆ ಬೇರೆ ಹೆಸರಲ್ಲಿ ಎದ್ದರೆ ನೀನು ಬಾಗಿಲು ತೆಗೀತೀಯಾ?”

“ಅವರು ಹಾಗೇ ಹೇಳಿದ್ರು.”

“ಹೇಳ್ತಾರೆ. ಏನೂ ತಗೊಳ್ಳಲ್ಲ, ಕಾಫಿ ಕುಡೀತಾರೆ, ಒಂದೂವರೆ ಗಂಟೆ ಕೂರ್ತಾರೆ, ಹತ್ತು ದಿನಕ್ಕೆ ಮತ್ತೆ ಕೆಡತ್ತೆ. ನೀನೇ ಕೂಡಿಸಿ ನೋಡು.”

ನಾನು ಕೂಡಿಸಿ ನೋಡತೊಡಗಿದೆ. ಅನುಮಾನ ಒಂದು ಸಲ ಒಳಗೆ ಬಂದರೆ ಮನೆಯವರ ಹಾಗೆ ಓಡಾಡುತ್ತದೆ, ಕರೆಯಬೇಕಾಗಿಲ್ಲ. ಅವರು ಬಂದು ಹೋದ ದಿನವೆಲ್ಲ ಪರದೆ ಪೂರ್ತಿ ಬೆಳಕಿನಲ್ಲೇ ಇರುತ್ತಿತ್ತು ಎಂಬುದು ನೆನಪಾಯಿತು. ರಿಪೇರಿ ಮಾಡಿದವರು ತಗ್ಗಿಸಿಯೇ ಹೋಗಬೇಕಲ್ಲ? ಹೊಸ ಕಾಗದ ತೆಗೆದು ಬಂದ ದಿನ, ಕೆಟ್ಟ ದಿನ ಎಂದು ಗೆರೆ ಎಳೆದು ಬರೆದಿಟ್ಟೆ. ಅಷ್ಟರಲ್ಲಿ ತಗ್ಗು ಇನ್ನೊಮ್ಮೆ ಕೆಟ್ಟು, ಒಟ್ಟು ಮೂರು ಸಲ ಬಂದಿದ್ದರು, ಮೂರು ಸಲವೂ ಬೆಳಕು ಏರಿತ್ತು.

ಅವರೇ ಒಂದು ದಿನ ಕಲಿಸಿಕೊಟ್ಟಿದ್ದರು, ಕಪ್ಪು ಕಿಟಕಿಯಲ್ಲಿ ಮೇಲ್ಮುಖದ ಬಾಣ ಒತ್ತಿದರೆ ಹಿಂದೆ ಬರೆದ ಅಪ್ಪಣೆಗಳೆಲ್ಲ ಒಂದೊಂದಾಗಿ ತಿರುಗಿ ಬರುತ್ತವೆ ಎಂದು. ಅವರು ಹೋದ ಮೇಲೆ ಒತ್ತಿದೆ. ನನ್ನ ತಗ್ಗು ಬಂತು. ಅದರ ಹಿಂದೆ ಅವರು ಬರೆದ ಸಾಲು. ಬೆಳಕನ್ನು ಇನ್ನೂರೈವತ್ತೈದು ಮಾಡು. ಇನ್ನೂ ಹಿಂದೆ ಹೋದೆ. ಇನ್ನೂರೈವತ್ತೈದು. ಅದಕ್ಕೂ ಹಿಂದೆ ಅದೇ. ಬೆಳಕು ತಾನಾಗಿ ಏರಿದ್ದಲ್ಲ, ಅವರು ಏರಿಸಿದ್ದು.

ಆದರೂ ಕಣ್ಣಾರೆ ಕಾಣಬೇಕೆನಿಸಿತು. ಮುಂದಿನ ಸಲ ತಗ್ಗು ಕೆಟ್ಟಾಗ, ಬಾಣ ಒತ್ತಿ ಒತ್ತಿ ಹೇಗೋ ಅವರ ಹಳೆಯ ಸಾಲನ್ನೇ ತಿದ್ದಿ ಬೆಳಕನ್ನು ಅರವತ್ತಕ್ಕೆ ತಂದಿಟ್ಟೆ. ಆಮೇಲೆ ಕರೆದೆ. “ಕಾಫಿ ಇಡ್ತೀನಿ ಸಾರ್” ಎಂದು ಅಡುಗೆಮನೆಗೆ ಹೋಗಿ, ನಮ್ಮ ಶೋಕೇಸಿನ ಗಾಜಿನಲ್ಲಿ ಅವರು ಕಾಣುವ ಹಾಗೆ ನಿಂತುಕೊಂಡೆ. ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಅವರು ಸುತ್ತ ಒಮ್ಮೆ ತಿರುಗಿದರು. ಮುಖವನ್ನು ಪರದೆಯ ಹತ್ತಿರ ತಂದರು, ಇನ್ನೂ ಹತ್ತಿರ, ಮೂಗು ತಾಗುವಷ್ಟು. ಕಳ್ಳತನದಲ್ಲಿ ಪತ್ರ ಓದುವವರ ಹಾಗಿತ್ತು. ಬೆರಳು ಆಡಿತು. ಪರದೆ ಭಗ್ಗೆಂದು ಬೆಳಗಿತು. ಅವರು ಹಿಂದಕ್ಕೆ ಒರಗಿ ಒಂದು ಉಸಿರು ಬಿಟ್ಟರು.

ಕಾಫಿ ಇಡುತ್ತಾ ಕೇಳಿದೆ. “ಬೆಳಕು ಜಾಸ್ತಿ ಮಾಡಿದ್ರಾ ಸಾರ್?”

“ಇಲ್ಲೆ ಅಮ್ಮಾ. ಇದ್ದ ಹಾಗೇ ಇದೆ.”

ಸುಳ್ಳು ಹೇಳಿದರು. ನನ್ನ ಮುಖ ನೋಡದೆ, ಆ ಓರೆಗಣ್ಣಿನಲ್ಲೇ. ಅಲ್ಲಿಗೆ ನನ್ನ ಮಟ್ಟಿಗೆ ವಿಚಾರಣೆ ಮುಗಿಯಿತು. ಅವತ್ತು ನನಗೆ ಎರಡು ದಿನದ ತಲೆನೋವು ಬಂತು. ಆ ನೋವಿನಲ್ಲಿ ಮಲಗಿ, ಇವರಿಗೆ ನಾನು ಏನು ಕೆಟ್ಟದ್ದು ಮಾಡಿದ್ದೆ ಎಂದು ಯೋಚಿಸಿದೆ. ಮತ್ತೆ ಕರೆಯಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ, “ತಗ್ಗು ಹೇಗಿದಾನೆ ಅಮ್ಮಾ?” ಎನ್ನುವರು. “ಇದಾನೆ” ಎಂದು ದಾಟಿಕೊಂಡು ಬರುತ್ತಿದ್ದೆ.

ಆಮೇಲೆ ಆ ಸಂಜೆ, ಬಳಗದಲ್ಲಿ, ಆ ಮಾತು.

ಕಾರ್ಯದರ್ಶಿಗಳು ಚಿತ್ರದುರ್ಗದವರು. ಬ್ಯಾಂಕಿನ ಕೆಲಸದ ಮೇಲೆ ಆಗ ತಾನೇ ಚೆನ್ನೈಗೆ ಬಂದಿದ್ದರು. ಬೇರೆ ಯಾರೂ ಒಪ್ಪದ್ದರಿಂದ ಕಾರ್ಯದರ್ಶಿಯಾಗಿದ್ದರು. ನಾನು ಹೇಳಿದ್ದು ಕೇಳಿ ಅವರ ಲೋಟ ಗಾಳಿಯಲ್ಲೇ ನಿಂತಿತು. “ಹೌದ್ರೀ ಮೇಡಂ. ನಮ್ಮ ಲ್ಯಾಪ್‌ಟಾಪೂ ಹಂಗೇ. ಅವರು ಬಂದು ಹೋದ್ರೆ ಮುಖದ ಮ್ಯಾಲೆ ಟಾರ್ಚ್ ಬಿಟ್ಟಂಗಿರ್ತದೆ. ನಾನು ಏನೋ ವಯಸ್ಸಾದೋರು ಅಂತ ಸುಮ್ಮನಿದ್ದೆ.”

ಸಾಕ್ಷಿಗೆ ಸಾಕ್ಷಿ ಕೂಡಿತು. ಮುಂದಿನ ಭಾನುವಾರ ಅವರು ಎಂದಿನಂತೆ ಗೋಡೆ ಸವರುತ್ತಾ, ಮೆಟ್ಟಿಲು ಎಣಿಸುತ್ತಾ ಬಂದರು. ಅವರಿಗೆ ಆ ಅಭ್ಯಾಸವಿತ್ತು, ಹದಿನೆಂಟು ಮೆಟ್ಟಿಲನ್ನೂ ಬಾಯಲ್ಲಿ ಎಣಿಸುತ್ತಿದ್ದರು. ನಾವು ಜಪವೋ ಏನೋ ಎಂದುಕೊಂಡಿದ್ದೆವು. ಲ್ಯಾಪ್‌ಟಾಪು ಬೀರುವಿನಲ್ಲಿತ್ತು. “ಬೀಗದ ಕೈ ಸಿಗಾಕತ್ತಿಲ್ಲ ಸಾರ್” ಎಂದರು ಕಾರ್ಯದರ್ಶಿ. ಅದರ ಮುಂದಿನ ವಾರವೂ ಸಿಗಲಿಲ್ಲ. ಎಲ್ಲವನ್ನೂ ಅನುಮಾನಿಸುವ ಮನುಷ್ಯನಿಗೆ ಇಷ್ಟು ತಿಳಿಯದೇ? ಮೂರನೆಯ ವಾರ ಅವರು ಬರಲಿಲ್ಲ.

ಎರಡು ತಿಂಗಳಾಗಿರಬೇಕು. ತಲೆನೋವಿನ ಮಾತ್ರೆಗೆ ಸ್ಟೇಷನ್ ರಸ್ತೆಯ ಔಷಧಿ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ಹೂ ಮಾರುವ ಒಬ್ಬ ಮುದುಕಿ ನಿಂತು ಅಂಗಡಿಯವನಿಗೆ, “ಕಣ್ಣು ಮಂಗಲಾ ತೆರಿಯುದುಪ್ಪಾ. ಎದಾವದು ಸೊಟ್ಟು ಮರುಂದು ಕುಡು” ಎನ್ನುತ್ತಿದ್ದಳು.

ನನಗೆ ನಗು ಬಂತು. ಕಣ್ಣು ಮಂಗಳವಾದರೆ ಹನಿ ಔಷಧಿ ಯಾಕೆ? ನನ್ನ ತಮಿಳು ತರಕಾರಿಯಿಂದ ಆಚೆ ಹೋಗಿರಲಿಲ್ಲ. ಅಂಗಡಿಯವನನ್ನು ಕೇಳಿದೆ, ಅವರು ಹೇಳಿದ್ದು ಏನು ಎಂದು.

“ಮಂಗಲ್-ನಾ ಡಿಮ್ ಮೇಡಂ” ಎಂದ ಅವನು, ಮಾತ್ರೆ ಕತ್ತರಿಸುತ್ತಾ. “ಕಣ್ಣು ಡಿಮ್ಮಾ ತೆರಿಯುದು. ಸರಿಯಾ ಕಾಣಲ್ಲೆ. ಕನ್ನಡದಲ್ಲಿ ಏನಂತೀರಿ?”

ಮಂಕು, ಮಬ್ಬು ಎಂದು ನಾಲಗೆಗೆ ಬಂತು. ಮಾತ್ರೆಯನ್ನು ಅಲ್ಲೇ ಬಿಟ್ಟು ಹೊರಟಿದ್ದೆನಂತೆ, ಅವನು ಕೂಗಿ ಕೊಟ್ಟ. ರಸ್ತೆಯುದ್ದಕ್ಕೂ ಒಂದೊಂದೇ ನೆನಪಾಯಿತು. ಮೇಜು ಸವರಿದ ಅಂಗೈ. ಮೂಸಿ ಕುಡಿದ ಕಾಫಿ. ಕೆಲವು ದಿನ ಹುಬ್ಬಿನ ಮೇಲೆ ಜಾರಿ ಕೂತಿರುತ್ತಿದ್ದ ವಿಭೂತಿ. ಹದಿನೆಂಟು ಮೆಟ್ಟಿಲು. ಸಿಐಡಿ ನೋಟ. ಮೂಗು ತಾಗುವ ತನಕ ಬಗ್ಗಿದ ಮುಖ, ಬೆಳಕು ಬಂದ ಮೇಲೆ ಬಿಟ್ಟ ಉಸಿರು. ಎಲ್ಲಾ ಮಂಗಲಾ ಇದೆ ಅಮ್ಮಾ.

ನಮ್ಮ ಮನೆಗೆ ಹತ್ತಲಿಲ್ಲ, ನೇರ ಕೆಳಮನೆಯ ಬಾಗಿಲು ತಟ್ಟಿದೆ. ಅಕ್ಕ ತೆಗೆದು, “ವಾ ಮಾ. ಏನು, ಇಷ್ಟು ದಿನ ಆಳೇ ಕಾಣಲಿಲ್ಲ? ಅವನು ದಿನಾ ಮೇಲೆ ಹೆಜ್ಜೆ ಸಪ್ಪಳ ಕೇಳ್ತಾ ಕೂತಿರ್ತಾನೆ” ಎಂದರು. ಒಳಗೆ ಅವರು ತಮ್ಮ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಕಪ್ಪು ಪರದೆಯ ಮೇಲೆ ಒಂದೊಂದು ಅಕ್ಷರ ಹಪ್ಪಳದಷ್ಟು. ಸಾಲಿಗೆ ನಾಲ್ಕು ಅಕ್ಷರ ಹಿಡಿದರೆ ಹೆಚ್ಚು.

“ಯಾರು?” ಎಂದರು. ಆಮೇಲೆ ತಲೆ ವಾಲಿಸಿ, “ಓ, ತಗ್ಗಮ್ಮ” ಎಂದರು.

“ಕಣ್ಣು?” ಎಂದೆ.

“ನಡುವೆ ಒಂದು ರೂಪಾಯಿಯಗಲ ಕತ್ತಲೆ ಅಮ್ಮಾ. ಡಾಕ್ಟರ್ ಇನ್ನು ಅದು ಅಗಲ ಆಗತ್ತೆ, ಚಿಕ್ಕದಾಗಲ್ಲ ಅಂದರು. ನೇರ ನೋಡಿದ್ರೆ ನೀವು ಇಲ್ಲ. ಪಕ್ಕಕ್ಕೆ ನೋಡಿದ್ರೆ ಇದೀರಿ.”

“ಯಾಕೆ ಸಾರ್ ಹೇಳಲಿಲ್ಲ?”

“ಬಂದಾಗೆಲ್ಲಾ ಹೇಳ್ತಿದ್ದೆನಲ್ಲಾ ಅಮ್ಮಾ. ನೀವು ಳ ಹಾಕಿ ತಿದ್ದಿದ್ರಿ.”

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವರೂ ನಕ್ಕರು. ನನಗೆ ನಗಲಾಗಲಿಲ್ಲ. ಬಳಗದಲ್ಲಿ ನಾನು ಏನು ಹೇಳಿದ್ದೆ ಎಂಬುದನ್ನು ಒಂದೂ ಬಿಡದೆ ಹೇಳಿದೆ. ಬೀಗದ ಕೈ ಕಳೆದದ್ದು ಯಾಕೆ ಎಂದೂ ಹೇಳಿದೆ. ನಾಳೆಯೇ ಹೋಗಿ ಎಲ್ಲರೆದುರು, ಅವರು ಕೆಡಿಸಿದ್ದಲ್ಲ, ಕಣ್ಣು ಕಾಣದೆ ಬೆಳಕು ಏರಿಸಿಕೊಂಡದ್ದು ಎಂದು ಹೇಳಿಬರುತ್ತೇನೆ ಎಂದೆ.

ಅವರ ನಗು ಅಲ್ಲೇ ನಿಂತಿತು. “ಬೇಡ” ಎಂದರು.

“ನಿಮ್ಮ ಹೆಸರು ಕೆಟ್ಟಿದೆ ಸಾರ್, ನನ್ನಿಂದ.”

“ಕೆಡಲಿ. ಏನಂತಾರೆ, ಇವನು ಕೆಡಿಸ್ತಾನೆ ಅಂತಾರೆ. ಕೆಡಿಸೋನಿಗೆ ಕೆಲಸ ಗೊತ್ತು ಅಂತಾದ್ರೂ ಅರ್ಥ ಅಲ್ಲವಾ? ಕಣ್ಣಿಲ್ಲ ಅಂತ ಗೊತ್ತಾಗಲಿ, ಆಮೇಲೆ ನೋಡಿ. ಕೈ ಹಿಡ್ಕೊಂಡು ಕರ್ಕೊಂಡು ಬಂದು ಕುರ್ಚಿ ಮೇಲೆ ಕೂರಿಸಿ, ‘ಹಾಲು ಕುಡೀತೀರಾ’ ಅಂತಾರೆ. ನನ್ನ ಮುಂದೆ ಯಾರೂ ಇನ್ನು ಒಂದು ಯಂತ್ರ ತಂದಿಡಲ್ಲ.” ತಮ್ಮ ಲ್ಯಾಪ್‌ಟಾಪನ್ನು ಮುಚ್ಚುತ್ತಾ ಹೇಳಿದರು. “ಕಳ್ಳ ಅನ್ನಿಸ್ಕೊಂಡು ಇರಬಹುದು ಅಮ್ಮಾ. ಪಾಪ ಅನ್ನಿಸ್ಕೊಂಡು ಇರೋಕ್ಕಾಗಲ್ಲ.”

ಮಾತು ಕೊಟ್ಟೆ. ಕೊಡಬಾರದಿತ್ತೋ ಏನೋ, ಈಗಲೂ ಸರಿಯಾಗಿ ಗೊತ್ತಿಲ್ಲ. ಬಳಗಕ್ಕೆ ಹೋಗುವುದನ್ನೇ ಬಿಟ್ಟೆ, ಹೋದರೆ ಬಾಯಿ ತಡೆಯುವುದಿಲ್ಲವೆಂದು. ಬದಲಿಗೆ ಭಾನುವಾರ ನಾಲ್ಕು ಗಂಟೆಗೆ ನನ್ನ ಲ್ಯಾಪ್‌ಟಾಪು ಹಿಡಿದು ಕೆಳಮನೆಗೆ ಹೋಗತೊಡಗಿದೆ. ಅವರು ಕಣ್ಣು ಮುಚ್ಚಿ ಕೂತು ಅಪ್ಪಣೆ ಹೇಳುವರು, ನಾನು ಬರೆದು, ಬಂದದ್ದನ್ನು ಓದಿ ಹೇಳುವೆ. ಕಟ್ಟಡದವರ ಯಂತ್ರಗಳೂ ನನ್ನ ಮೂಲಕವೇ ಬಂದು ರಿಪೇರಿಯಾಗಿ ಹೋಗುತ್ತಿದ್ದವು. ಅವರ ಕೈಗೆ ಯಾವತ್ತೂ ಕೆಲಸ ತಪ್ಪಲಿಲ್ಲ. ಓದುವಾಗ ನಾನು ಒಂದು ಚುಕ್ಕೆ ಬಿಟ್ಟರೂ ಹಿಡಿಯುತ್ತಿದ್ದರು. “ಪ್ರೂಫ್ ನೋಡೋರು ಹೀಗೆ ಓದಿದ್ರೆ ಹೇಗಮ್ಮಾ” ಎನ್ನುವರು. ನನಗೆ ಅದು ಬೇಕಾಗಿತ್ತು.

ಮೊದಲ ಭಾನುವಾರವೇ ತಗ್ಗುವಿನ ಸರದಿ. ಅವತ್ತು ಮತ್ತೆ ಸೊನ್ನೆ ಒಂದಾಗಿತ್ತು. ಯಂತ್ರಕ್ಕೆ ನಿಜವಾಗಿಯೂ ಬೆಳಗ್ಗೆ ಎದ್ದರೆ ಹೆಸರು ಬದಲಾಗುತ್ತಿತ್ತು. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ಸೊನ್ನೆಯೂ ಬೇಡ, ಒಂದೂ ಬೇಡ. ಹೆಸರಿನ ಜಾಗದಲ್ಲಿ ನಕ್ಷತ್ರ ಹಾಕಿ” ಎಂದರು. “ನಕ್ಷತ್ರ ಅಂದ್ರೆ ಯಾರಿದ್ರೂ ಸರಿ ಅಂತ.”

ಹಾಕಿದೆ. ಅವತ್ತಿನಿಂದ ಇವತ್ತಿನವರೆಗೆ ತಗ್ಗು ಒಂದು ದಿನವೂ ಕೈ ಕೊಟ್ಟಿಲ್ಲ. ಒಂದು ಚಿಹ್ನೆ, ಅಷ್ಟೇ. ನನ್ನೊಳಗಿದ್ದ ಹಳೆಯ ಅನುಮಾನ ಎದ್ದು ಕೂತಿತು.

“ಇದನ್ನ ಮೊದಲೇ ಹಾಕಬಹುದಿತ್ತಲ್ಲ ಸಾರ್?”

ಅವರು ಕಾಫಿ ಮೂಸಿದರು. ಬಹಳ ಹೊತ್ತು ಮೂಸಿದರು.

“ಹಾಕಬಹುದಿತ್ತು.”

“ಮತ್ತೆ?”

“ಹಾಕಿದ್ರೆ ನೀವು ಮತ್ತೆ ಕರೀತಿದ್ರಾ?”

ಅಲ್ಲಿಗೆ ನಮ್ಮವರ ಲೆಕ್ಕದಲ್ಲಿ ಅರ್ಧ ಸರಿಯಾಗಿತ್ತು. ಕಲೆ ತೆಗೆಯುತ್ತೇನೆ ಎಂದು ಕೂತವಳು ಇದನ್ನು ಮುಚ್ಚಿಡಬಾರದು. ಅವರು ಕೆಡಿಸಲಿಲ್ಲ. ಆದರೆ ಪೂರ್ತಿ ಸರಿಯಾಗಿಯೂ ಮಾಡಲಿಲ್ಲ, ಬೇಕೆಂದೇ. ಅದನ್ನು ನಾನು ನಮ್ಮವರಿಗೆ ಹೇಳಿರಲಿಲ್ಲ, ಇದನ್ನು ಓದಿಯೇ ಅವರಿಗೂ ತಿಳಿಯಬೇಕು.

ಹೋದ ತಿಂಗಳು ಒಂದು ಬೆಳಗ್ಗೆ, ವಿಭೂತಿ ಇಟ್ಟುಕೊಳ್ಳಲು ಕೂತವರು ಹಾಗೇ ಗೋಡೆಗೆ ಒರಗಿದರಂತೆ. ನಾನು ಹೋದಾಗ ಬೆರಳಲ್ಲಿ ಬೂದಿ ಇನ್ನೂ ಇತ್ತು. ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕನನ್ನು ಕೇಳಿದೆ, ಈಗಲಾದರೂ ಹೇಳಲೇ ಎಂದು. “ಹೇಳು ಮಾ. ಇನ್ನು ಅವನನ್ನ ಯಾರು ಪಾಪ ಅಂದ್ರೂ ಅವನಿಗೆ ಕೇಳಲ್ಲ. ಹೆಸರು ಮಾತ್ರ ಬೇಡ” ಎಂದರು.

ಅದರ ಮೇಲೇ ಕಾರ್ಯದರ್ಶಿಗಳ ಫೋನು ಬಂದದ್ದು. ನಿನ್ನೆ, ಎರಡು ವರ್ಷದ ಮೇಲೆ, ಬಳಗದ ಹದಿನೆಂಟು ಮೆಟ್ಟಿಲು ಹತ್ತಿದೆ. ಅರಿವಿಲ್ಲದೆ ಎಣಿಸಿದೆ. ಮೇಲೆ ಕಾರ್ಯದರ್ಶಿಗಳು ಕೋಣೆಯೊಳಗೇ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತು ಸಂಚಿಕೆಯ ಕೆಲಸ ಮಾಡುತ್ತಿದ್ದರು.

“ನಗಬ್ಯಾಡ್ರಿ ಮೇಡಂ. ಎರಡು ವರ್ಷದಿಂದ ಇದೇ ಗತಿ. ಅವರು ಬೆಳಕು ಏರಿಸಿ ಹೋಗಿದ್ದು, ಯಾರಿಂದನೂ ಇಳಿಸಾಕ ಆಗಲಿಲ್ಲ. ಬಟನ್ ಒತ್ತಿದ್ರೆ ಪಟ್ಟಿ ಇಳೀತದೆ, ಬೆಳಕು ಇಳಿಯಂಗಿಲ್ಲ.”

“ಪಟ್ಟಿ ಮಾತು ನಂಬಬೇಡಿ” ಎಂದು ಕುರ್ಚಿಗೆ ಕೂತೆ. ಕಪ್ಪು ಕಿಟಕಿ ತೆರೆದು ಮೇಲ್ಮುಖದ ಬಾಣ ಒತ್ತಿದೆ. ಅವರ ಸಾಲುಗಳು ಇದ್ದ ಹಾಗೇ ಇದ್ದವು. ಇನ್ನೂರೈವತ್ತೈದು. ಇನ್ನೂರೈವತ್ತೈದು. ಆಮೇಲೆ, ಓದಲು ತೆರೆದ ನಮ್ಮ ಸಂಚಿಕೆಯ ಹೆಸರು. ಮತ್ತೆ ಇನ್ನೂರೈವತ್ತೈದು. ಭಾನುವಾರ ಭಾನುವಾರ ಒಂದೊಂದು ಸಲ. ನಾನು ಬಾಣ ಒತ್ತುವುದನ್ನು ನಿಲ್ಲಿಸಿ, ಹೊಸ ಸಾಲು ಬರೆದೆ. ಹೆಸರಿನ ಜಾಗದಲ್ಲಿ ನಕ್ಷತ್ರ, ಎದುರಿಗೆ ಅರವತ್ತು. ಎಂಟರ್ ಒತ್ತಿದೆ. ಕೋಣೆಯ ಕಣ್ಣು ಕುಕ್ಕುವುದು ನಿಂತಿತು.

ಕಾರ್ಯದರ್ಶಿಗಳು ಕೂಲಿಂಗ್ ಗ್ಲಾಸ್ ತೆಗೆದು ಪರದೆಯನ್ನು ಆ ಕಡೆ ಈ ಕಡೆ ನೋಡಿದರು. ಎರಡು ವರ್ಷವಾದರೂ ಅವರ ತಮಿಳು, ಬೆಲೆ ಕೇಳುವ ‘ಎವ್ವಳವು’ ದಾಟಿಲ್ಲ. “ಆತಾ ಮೇಡಂ? ಎಲ್ಲಾ ಸರಿ ಆತಾ?”

“ಮಂಗಲಾ ಇದೆ” ಎಂದೆ.

“ಮಂಗಳ ಅನ್ರೀ” ಎಂದರು ಅವರು. “ಪ್ರೂಫ್ ನೋಡೋರೇ ಹಿಂಗಂದ್ರೆ ಹೆಂಗೆ?”

“ನೀವು ಹೇಳಿದ್ದೇ ಸರಿ ಇರಲಿ ಸಾರ್” ಎಂದೆ.